ಹಂಪೆಯ ಹರಿಹರದೇವರ ನಿತ್ಯನೇಮ

ಷಟ್‌ಸ್ಥಲಮಾರ್ಗದಲ್ಲಿ ಆರು ಸ್ಥಲಗಳಿಗೆ ಆರು ಭಕ್ತಿಗಳನ್ನು ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಭಕ್ತನಿಗೆ ಶ್ರದ್ಧೆ, ಮಾಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಇವುಗಳಲ್ಲಿ ಮೂರನೆಯದಾದ ಅವಧಾನವೆಂದರೆ ಎಚ್ಚರ. ಇಂದ್ರಿಯಗಳು ತಮ್ಮ ತಮ್ಮ ವಿಷಯಗಳ ಕಡೆಗೆ ಎಳೆಯುತ್ತಿರುವಾಗಲೂ ಮನಸ್ಸು ಲಿಂಗದಿಂದ ಕದಲದೆ ನಿಲ್ಲುವ ಸ್ಥಿತಿ. ಸಾಧನೆಗೆ ತೊಡಗುವವರಲ್ಲಿ ಅನೇಕರು ಈ ಎಚ್ಚರವನ್ನೇ ಮೊದಲು ಬಯಸುತ್ತಾರೆ. ಪೂಜೆಗೆ ಕುಳಿತೊಡನೆ ಚಿತ್ತವು ನಿಲ್ಲಬೇಕು, ನಿಲ್ಲದಿದ್ದರೆ ಪೂಜೆಯೇ ನಿಷ್ಫಲವೆಂದು ತಿಳಿದು ನಾಲ್ಕು ದಿನಗಳಲ್ಲಿ ಗದ್ದುಗೆಯಿಂದ ಎದ್ದುಬಿಡುತ್ತಾರೆ. ಹಿರಿಯರು ಇಟ್ಟ ಕ್ರಮವಾದರೋ ಬೇರೆ. ನಿಷ್ಠೆಯು ಮೊದಲು, ಅವಧಾನವು ಅನಂತರ. ಮನಸ್ಸು ನಿಂತರೂ ನಿಲ್ಲದಿದ್ದರೂ ದಿನವೂ ತಪ್ಪದೆ ನಡೆಯುವ ನೇಮದ ಒಡಲಿನಲ್ಲಿಯೇ ಅವಧಾನವು ಹುಟ್ಟಬೇಕು. ಈ ಕ್ರಮವು ಒಂದು ಬಾಳಿನಲ್ಲಿ ಹೇಗೆ ನಡೆದು ಬಂದಿತು, ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ನೋಡಬಯಸುವವರಿಗೆ ಹಂಪೆಯ ಹರಿಹರದೇವರ ಚರಿತ್ರೆಯು ಒಳ್ಳೆಯ ಆಶ್ರಯವಾಗಿದೆ.

ಹರಿಹರದೇವರು ಹೊಯ್ಸಳ ನರಸಿಂಹನ ಕಾಲದವರೆಂದು ಸಂಪ್ರದಾಯವು ಹೇಳುತ್ತದೆ. ಆ ನರಸಿಂಹನು 1152ರಿಂದ 1173ರವರೆಗೆ ಆಳಿದ ಒಂದನೆಯವನೋ, 1220ರಲ್ಲಿ ಪಟ್ಟಕ್ಕೆ ಬಂದ ಇಮ್ಮಡಿಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾವ ಪಕ್ಷವನ್ನು ಹಿಡಿದರೂ ಕಲ್ಯಾಣದ ಶರಣರ ನೆನಪು ಜನರಲ್ಲಿ ಇನ್ನೂ ಬಿಸಿಯಾಗಿದ್ದ ಕಾಲವದು. ಹುಟ್ಟಿದ ಊರು ಹಂಪೆ. ಒಡಹುಟ್ಟಿದವಳು ರುದ್ರಾಣಿ; ಆಕೆಯ ಮಗನೇ ಮುಂದೆ ಷಟ್ಪದಿಯ ಮಹಾಕವಿಯಾದ ರಾಘವಾಂಕನು.

ವಿದ್ಯಾವಂತರಾದ ಹರಿಹರದೇವರು ಹಂಪೆಯನ್ನು ಬಿಟ್ಟು ದೂರದ ದ್ವಾರಸಮುದ್ರಕ್ಕೆ, ಎಂದರೆ ಇಂದಿನ ಹಳೇಬೀಡಿಗೆ, ಹೋಗಿ ಅರಮನೆಯಲ್ಲಿ ಕರಣಿಕರಾದರು. ಕರಣಿಕನ ಕೆಲಸವೆಂದರೆ ಲೆಕ್ಕ. ಅಂದಿನ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುವುದು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾದುದರಿಂದ ಅನುಕೂಲವೂ ಉಂಟು, ಅಪಾಯವೂ ಉಂಟು. ಒಂದು ಅಂಕೆ ಅಳಿಸಿಹೋದರೆ ಅರಸನ ಬೊಕ್ಕಸದಲ್ಲಿ ಒಂದು ಗ್ರಾಮದ ಹುಟ್ಟುವಳಿಯೇ ತಪ್ಪಿದಂತೆ. ಹೀಗೆ ಕಣ್ಣನ್ನೂ ಬೆರಳನ್ನೂ ಒಂದೆಡೆ ನಿಲ್ಲಿಸುವ ವೃತ್ತಿಯಲ್ಲಿ ಅವರ ಯೌವನವು ಕಳೆಯಿತು. ಲೌಕಿಕವಾದ ಈ ಎಚ್ಚರವು ಮುಂದಿನ ಬಾಳಿಗೆ ಏನೂ ಉಪಯೋಗಕ್ಕೆ ಬರಲಿಲ್ಲವೆಂದು ಹೇಳಲಾಗದು.

ಅಲ್ಲಿ ನಡೆಯಿತೆನ್ನಲಾದ ಒಂದು ಸಂಗತಿಯನ್ನು ಪರಂಪರೆಯು ಬಹು ಪ್ರೀತಿಯಿಂದ ಹೇಳಿಕೊಂಡು ಬಂದಿದೆ. ಒಂದು ದಿನ ಹರಿಹರದೇವರು ಅರಸನ ಮುಂದೆ ಲೆಕ್ಕವನ್ನು ಒಪ್ಪಿಸುತ್ತಿದ್ದರು. ನಡುವೆ ಇದ್ದಕ್ಕಿದ್ದಂತೆ ಓದುವುದನ್ನು ನಿಲ್ಲಿಸಿ, ಏನನ್ನೋ ನಂದಿಸುವವರಂತೆ ಎರಡು ಕೈಗಳನ್ನೂ ಹೊಸಕಿದರು. ಸಭೆಯು ಬೆರಗಾಯಿತು, ಕೆಲವರು ನಕ್ಕರು. ಅರಸನು ಕಾರಣವನ್ನು ಕೇಳಲು, ಹಂಪೆಯಲ್ಲಿ ವಿರೂಪಾಕ್ಷನಿಗೆ ಆರತಿಯೆತ್ತುವಾಗ ತೆರೆಯ ಬಟ್ಟೆಗೆ ಉರಿ ತಗುಲಿತೆಂದೂ ಅದನ್ನು ನಂದಿಸಿದುದಾಗಿಯೂ ವಿನಯದಿಂದ ಬಿನ್ನವಿಸಿದರು. ಅರಸನು ಹಂಪೆಗೆ ಜನರನ್ನು ಕಳುಹಿಸಿದನು. ಹಲವು ದಿನಗಳ ಹಾದಿ. ಹೋದವರು ಹಿಂದಿರುಗಿ ಬಂದು, ಆ ದಿನ ಆ ಹೊತ್ತಿಗೆ ತೆರೆಗೆ ಬೆಂಕಿ ಹತ್ತಿದುದೂ ಕೂಡಲೇ ಅದು ಆರಿದುದೂ ನಿಜವೆಂದು ತಿಳಿಸಿದರು. ಅರಸನು ಹರಿಹರದೇವರ ಮಹಿಮೆಯನ್ನು ಅರಿತು ಗೌರವಿಸಿದನು. ಅವರಾದರೋ ಸೇವೆಯನ್ನು ಬಿಟ್ಟು ಹಂಪೆಗೆ ಹೊರಟರು.

ಈ ಕಥೆಯಲ್ಲಿ ಪವಾಡವನ್ನೇ ದೊಡ್ಡದು ಮಾಡುವುದು ರೂಢಿ. ಪವಾಡವನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಸಾಧಕನು ಗಮನಿಸಬೇಕಾದ ಅಂಶವು ಬೇರೊಂದಿದೆ. ಆರತಿಯ ಹೊತ್ತು ಯಾವುದೆಂಬುದು ಹರಿಹರದೇವರಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಮನಸ್ಸು ಗರ್ಭಗುಡಿಯ ಮುಂದೆ ನಿಲ್ಲುವುದು ಅವರಿಗೆ ನೇಮವಾಗಿತ್ತು. ದೇಹವು ಯಾವ ಊರಿನಲ್ಲಿದ್ದರೂ ಆ ಒಂದು ಗಳಿಗೆಯನ್ನು ಅವರು ಯಾರಿಗೂ ಮಾರಿಕೊಂಡಿರಲಿಲ್ಲ. ಅವರ ಲೆಕ್ಕದಲ್ಲಿ ತಪ್ಪು ಬಂದಿತೆಂದು ಕಥೆಯು ಎಲ್ಲಿಯೂ ಹೇಳುವುದಿಲ್ಲವೆಂಬುದನ್ನೂ ಮರೆಯಲಾಗದು. ಕೆಲಸಗಳ್ಳತನಕ್ಕೆ ಧ್ಯಾನದ ಹೆಸರನ್ನು ಇಡುವವರಿಗೆ ಈ ಕಥೆಯು ಆಸರೆಯಾಗಲಾರದು.

ಅವರು ಮರಳಿ ಬಂದ ಹಂಪೆಯು ಇಂದು ಯಾತ್ರಿಕರು ಕಾಣುವ ಹಂಪೆಯಲ್ಲ. ವಿಜಯನಗರದ ಸ್ಥಾಪನೆಗೆ, ಎಂದರೆ 1336ಕ್ಕೆ, ಇನ್ನೂ ನೂರು ವರ್ಷಗಳಿಗೆ ಮೀರಿದ ಕಾಲವಿತ್ತು. ಕೃಷ್ಣದೇವರಾಯನು 1510ರಲ್ಲಿ ಕಟ್ಟಿಸಿದ ರಂಗಮಂಟಪವಿಲ್ಲ, ಬಾನೆತ್ತರದ ಗೋಪುರವಿಲ್ಲ, ಉದ್ದನೆಯ ತೇರುಬೀದಿಯಿಲ್ಲ. ಹೊಸಪೇಟೆಯೆಂಬ ಊರೇ ಹುಟ್ಟಿರಲಿಲ್ಲ. ಅದೂ ಕೃಷ್ಣದೇವರಾಯನ ಕಾಲದ್ದು. ಪೂರ್ವೋತ್ತರಕ್ಕೆ ಹೊಳೆಯ ದಂಡೆಯ ಕಂಪ್ಲಿ ಮಾತ್ರ ಚಾಲುಕ್ಯರ ಕಾಲದಿಂದಲೂ ಹೆಸರಾದ ಪಟ್ಟಣವಾಗಿತ್ತು. ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು, ಉತ್ತರಕ್ಕೆ ಬಂಡೆಗಳ ನಡುವೆ ನುಸುಳಿ ಹರಿಯುವ ತುಂಗಭದ್ರೆ, ನಡುವೆ ಹೇಮಕೂಟದ ಬುಡದಲ್ಲಿ ವಿರೂಪಾಕ್ಷನ ಗುಡಿ ಮತ್ತು ಪಂಪಾಂಬಿಕೆಯ ಸನ್ನಿಧಿ. ಇಷ್ಟೇ ಹಂಪೆ. ಆದರೆ ಕ್ಷೇತ್ರದ ಕೀರ್ತಿಯು ಹಳೆಯದು. 1199ರ ಶಾಸನವೊಂದು ಇಲ್ಲಿಯ ವಿರೂಪಾಕ್ಷನಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ.

ಈ ನೆಲದ ಸ್ಥಳಪುರಾಣವೇ ಇಂದ್ರಿಯಜಯದ ಕಥೆ. ಸತಿಯನ್ನು ಕಳೆದುಕೊಂಡ ಶಿವನು ಹೇಮಕೂಟದಲ್ಲಿ ತಪಸ್ಸಿಗೆ ಕುಳಿತನು. ತಪೋಭಂಗಕ್ಕೆಂದು ಬಂದ ಕಾಮನು ಹಣೆಗಣ್ಣಿನ ಉರಿಗೆ ಬೂದಿಯಾದನು. ಪಂಪಾಂಬಿಕೆಯು ತಪಸ್ಸಿನಿಂದಲೇ ಶಿವನನ್ನು ಪಡೆದಳು. ಗುಡಿಯ ಉತ್ತರಕ್ಕಿರುವ ಹೊಂಡವನ್ನು ಇಂದಿಗೂ ಮನ್ಮಥಹೊಂಡವೆಂದು ಕರೆಯುತ್ತಾರೆ. ಹರಿಹರದೇವರು ಈ ಕಥೆಯನ್ನೇ ಎತ್ತಿಕೊಂಡು ಗಿರಿಜಾಕಲ್ಯಾಣವೆಂಬ ಹತ್ತು ಆಶ್ವಾಸಗಳ ಚಂಪೂಕಾವ್ಯವನ್ನು ಬರೆದರು. ಸೌಂದರ್ಯದಿಂದ ಒಲಿಯದವನು ತಪಸ್ಸಿಗೆ ಒಲಿದನೆಂಬುದೇ ಅದರ ತಿರುಳು. ಬೇಸಗೆಯಲ್ಲಿ ಉರಿಯ ನಡುವೆಯೂ ಚಳಿಗಾಲದಲ್ಲಿ ನೀರಿನ ನಡುವೆಯೂ ನಿಂತು ಗಿರಿಜೆಯು ತಪಗೈದುದನ್ನು ವರ್ಣಿಸುವಾಗ, ದಿನದಿನದ ನೇಮದ ಕಷ್ಟವನ್ನು ಬಲ್ಲವನ ಕೈ ಅದೆಂದು ಓದುಗನಿಗೆ ತೋರದಿರದು.

ಹಂಪೆಯಲ್ಲಿ ಅವರ ದಿನವು ಹೇಗೆ ಸಾಗುತ್ತಿತ್ತು? ದಿನಚರಿಯನ್ನು ಬರೆದಿಡುವ ಪದ್ಧತಿ ಆಗ ಇರಲಿಲ್ಲ. ಆದರೆ ಪುಷ್ಪರಗಳೆಯೆಂಬ ಅವರ ಕೃತಿಯು ಶಿವಭಕ್ತನೊಬ್ಬನ ಒಂದು ದಿನವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುತ್ತದೆ. ಅದು ಕವಿಯ ಸ್ವಂತ ದಿನವೇ ಎಂದು ಬಲ್ಲವರು ತಿಳಿಯುತ್ತಾರೆ. ಹಾಗೆ ತಿಳಿಯುವುದಕ್ಕೆ ಯಾವ ಬಾಧಕವೂ ಇಲ್ಲ. ಬೆಳಕು ಹರಿಯುವುದಕ್ಕೆ ಮೊದಲೇ ಭಕ್ತನು ಏಳುತ್ತಾನೆ. ಶುಚಿಯಾಗಿ ವಿಭೂತಿಯನ್ನು ಧರಿಸಿ ಹೂವಿನ ಬುಟ್ಟಿಯನ್ನು ಹಿಡಿದು ತೋಟಕ್ಕೆ ನಡೆಯುತ್ತಾನೆ. ಅಲ್ಲಿ ಅವನಿಗೆ ಅವಸರವಿಲ್ಲ. ಒಂದೊಂದು ಗಿಡದ ಮುಂದೆಯೂ ನಿಲ್ಲುತ್ತಾನೆ. ಹೂಗಳನ್ನು ಜೀವವಿರುವ ಬಂಧುಗಳಂತೆ ಕಂಡು ಮಾತನಾಡಿಸುತ್ತಾನೆ. ಶಿವನ ಮುಡಿಗೇರುವ ಭಾಗ್ಯಕ್ಕೆ ಅವುಗಳನ್ನು ಕರೆದು ನೋವಾಗದಂತೆ ಬಿಡಿಸುತ್ತಾನೆ. ಅನಂತರ ಮಾಲೆಯನ್ನು ಕಟ್ಟುವುದು. ಯಾವ ಹೂವಿನ ಪಕ್ಕದಲ್ಲಿ ಯಾವುದು ಒಪ್ಪುತ್ತದೆ, ಯಾವುದು ಮುಡಿಗೆ, ಯಾವುದು ಕೊರಳಿಗೆ ಎಂಬ ವಿವೇಚನೆಯಲ್ಲಿ ಹೊತ್ತು ಏರುತ್ತದೆ. ಬಳಿಕ ಪೂಜೆ, ಆರತಿ, ಹಾಡು, ಕುಣಿತ.

ಇದರಲ್ಲಿ ಕಣ್ಣು ಮುಚ್ಚಿ ಕುಳಿತ ಹೊತ್ತು ಎಷ್ಟು ಕಡಿಮೆಯೆಂಬುದನ್ನು ನೋಡಬೇಕು. ಮನಸ್ಸನ್ನು ಬರಿದು ಮಾಡುವ ಹಟವು ಇಲ್ಲಿಲ್ಲ. ಮನಸ್ಸಿಗೆ ಒಂದು ಹೂವನ್ನು ಕೊಟ್ಟಿದೆ. ಅದು ಮುಗಿದರೆ ಇನ್ನೊಂದು ಹೂವು. ನಡುವೆ ಮನಸ್ಸು ಊರ ಸುದ್ದಿಗೋ ಹಳೆಯ ಮನಸ್ತಾಪಕ್ಕೋ ಜಾರಿದರೆ ಕೈಯ ಹೂವೇ ಅದನ್ನು ಹಿಂದಕ್ಕೆ ಕರೆಯುತ್ತದೆ. ನೂರು ಹೂಗಳನ್ನು ಬಿಡಿಸುವಷ್ಟರಲ್ಲಿ ನೂರು ಸಲ ಹೊರಗೆ ಹೋದ ಮನಸ್ಸು ನೂರು ಸಲವೂ ಹಿಂದಿರುಗಿರುತ್ತದೆ. ಜಾರುವುದು ಮನಸ್ಸಿನ ಸ್ವಭಾವ, ಹಿಂದಿರುಗಿಸುವುದು ಸಾಧಕನ ಕೆಲಸ. ಮೊದಲ ದಿನ ಹಿಂದಿರುಗುವುದಕ್ಕೆ ಬಹಳ ಹೊತ್ತು ಬೇಕಾದೀತು. ವರುಷಗಳ ಮೇಲೆ ಜಾರುವಾಗಲೇ ಎಚ್ಚರವಾಗುತ್ತದೆ. ಶಾಸ್ತ್ರವು ಅವಧಾನವೆಂದು ಕರೆಯುವುದು ಇದನ್ನೇ. ಪೂಜೆಗೆ ಮುನ್ನ ಹೂವನ್ನು ಮೂಸಬಾರದೆಂಬ ಹಳೆಯ ಕಟ್ಟಳೆಯಲ್ಲಿಯೂ ಇಂದ್ರಿಯನಿಗ್ರಹದ ಒಂದು ಸಣ್ಣ ಪಾಠವಿದೆ. ಸಂಪಿಗೆಯು ಮೂಗಿನ ಹತ್ತಿರವೇ ಇದೆ, ಪರಿಮಳವು ಕರೆಯುತ್ತಿದೆ, ಕೈಯು ಅದನ್ನು ಬುಟ್ಟಿಗೆ ಹಾಕುತ್ತದೆ. ದಿನಕ್ಕೆ ಹಲವು ಸಲ ಇಷ್ಟನ್ನು ಮಾಡಿದವನು ದೊಡ್ಡ ಆಶೆಯೊಂದು ಎದುರಾದಾಗ ತೀರ ಅನಭ್ಯಸ್ತನಾಗಿರಲಾರನು.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಕರಸ್ಥಲದ ಲಿಂಗವೇ ಸರ್ವಸ್ವವೆಂದು ಶರಣರು ಸಾರಿದ ಮೇಲೆ, ಸ್ಥಾವರನಾದ ವಿರೂಪಾಕ್ಷನಿಗೆ ಹೂ ತರುವ ನೇಮವನ್ನು ವೀರಶೈವ ಸಾಧಕನು ಮಾದರಿಯಾಗಿ ಹಿಡಿಯಬಹುದೇ? ಇದಕ್ಕೆ ಉತ್ತರವನ್ನು ಹರಿಹರದೇವರೇ ಬಸವರಾಜದೇವರ ರಗಳೆಯಲ್ಲಿ ಇಟ್ಟಿದ್ದಾರೆ. ಜನಿವಾರವನ್ನು ತೊರೆದು ಕಪ್ಪಡಿಸಂಗಮಕ್ಕೆ ಬಂದ ಬಸವಣ್ಣನವರು ಅಲ್ಲಿ ಸಂಗಮನಾಥನಿಗೆ ಪ್ರತಿದಿನವೂ ಹೂವನ್ನೂ ಅಗ್ಘವಣಿಯನ್ನೂ ತಂದು ಅರ್ಚಿಸುತ್ತಿದ್ದರು. ಒಂದು ದಿನ ಸಂಗಮನಾಥನು ಕನಸಿನಲ್ಲಿ ಕಾಣಿಸಿಕೊಂಡು ಮಂಗಳವಾಡಕ್ಕೆ ಹೋಗೆಂದು ಆಜ್ಞಾಪಿಸಿದನು. ಅಗಲಿಕೆಯನ್ನು ತಾಳಲಾರದೆ ಬಸವಣ್ಣನವರು ಬಹಳವಾಗಿ ಮರುಗಿದರು. ಕೊನೆಗೆ ನಂದಿಯ ಬಾಯಿಂದ ಲಿಂಗವು ಹೊರಬಂದು ಅವರ ಕರತಲದಲ್ಲಿ ನೆಲಸಿತು. ಗುಡಿಯಲ್ಲಿ ನಡೆದ ನಿತ್ಯಾರ್ಚನೆಯು ಅಂದಿನಿಂದ ಅಂಗೈಗೆ ಬಂದಿತು. ಇನ್ನು ಊರನ್ನು ಬಿಟ್ಟರೂ ನೇಮವನ್ನು ಬಿಡಬೇಕಾಗಿಲ್ಲ.

ಆ ಮೇಲೆ ಬಸವಣ್ಣನವರು ಮಂಗಳವಾಡದಲ್ಲಿ ಏನಾದರು? ಗಣಕರು ಲೆಕ್ಕ ಹಾಕುತ್ತಿದ್ದಲ್ಲಿಗೆ ಹೋಗಿ, ಅವರ ಎಣಿಕೆಯಲ್ಲಿ ನುಸುಳಿದ್ದ ತಪ್ಪನ್ನು ಎತ್ತಿ ತೋರಿಸಿ, ಸಿದ್ಧದಂಡಾಧೀಶನ ಮೆಚ್ಚುಗೆಯನ್ನು ಪಡೆದು ತಾವೂ ಗಣಕರಾದರು. ಕಾಲಕ್ರಮದಲ್ಲಿ ಬಿಜ್ಜಳನ ಭಂಡಾರಿಯಾದರು. ಇದನ್ನು ಬರೆದವರು ಸ್ವತಃ ಕಡತವನ್ನು ಹಿಡಿದಿದ್ದ ಕರಣಿಕರೆಂಬುದು ಸ್ವಾರಸ್ಯವಾಗಿದೆ. ಸಂಗಮದಲ್ಲಿ ಅನೇಕ ವರುಷ ಹೂವಿನ ಮೇಲೆ ನಿಂತ ಕಣ್ಣಿಗೆ ಮಂಗಳವಾಡದಲ್ಲಿ ಅಂಕೆಯ ತಪ್ಪು ತಾನಾಗಿ ಕಂಡಿತು. ಪೂಜೆಯ ಎಚ್ಚರವೇ ಕಾಯಕದ ಎಚ್ಚರವಾಗಿ ಹರಿಯಿತೆಂದು ಹರಿಹರದೇವರು ವಾದಿಸುವುದಿಲ್ಲ. ಕಥೆಯನ್ನು ಹೇಳಿ ಮುಂದೆ ನಡೆಯುತ್ತಾರೆ.

ಇಂದಿನ ಶಿವಪೂಜೆಯಲ್ಲಿಯೂ ಈ ಅಭ್ಯಾಸದ ಅಂಗಗಳೆಲ್ಲ ಇವೆ. ಎಡಗೈಯ ಅಂಗೈಯಲ್ಲಿ ಇಷ್ಟಲಿಂಗ. ಕಂತೆಯ ಕಪ್ಪು ನುಣುಪಿನ ಮೇಲೆ ದೀಪದ ಬೆಳಕು ಒಂದು ಬಿಂದುವಾಗಿ ನಿಲ್ಲುತ್ತದೆ. ಎವೆಯಿಕ್ಕದ ನೋಟವು ಆ ಬಿಂದುವಿನಲ್ಲಿ ನಿಲ್ಲುತ್ತದೆ. ಕೈ ಅಲುಗಿದರೆ ಬೆಳಕೂ ಅಲುಗುತ್ತದೆ. ಆದುದರಿಂದ ಮನಸ್ಸು ಎಲ್ಲಿಗೋ ಹೋಯಿತೆಂಬುದನ್ನು ಮೊದಲು ಕೈಯೇ ತಿಳಿಸುತ್ತದೆ. ತೋಟದಲ್ಲಿ ಹೂವು ಮಾಡಿದ ಕೆಲಸವನ್ನು ಇಲ್ಲಿ ಈ ಬೆಳಕಿನ ಚುಕ್ಕೆಯು ಮಾಡುತ್ತದೆ.

ಹರಿಹರದೇವರು ಆರಿಸಿಕೊಂಡ ಛಂದಸ್ಸನ್ನೂ ಇಲ್ಲಿ ನೆನೆಯಬೇಕು. ಅವರಿಗೆ ಮುಂಚಿನ ಪ್ರೌಢಕವಿಗಳು ವೃತ್ತಕಂದಗಳ ಚಂಪುವನ್ನೇ ಕಾವ್ಯವೆಂದು ಎಣಿಸಿದ್ದರು. ರಗಳೆಯು ಅಲ್ಲಲ್ಲಿ ಬರುವ ಅಲಂಕಾರವಾಗಿತ್ತು. ಅದನ್ನು ಸ್ವತಂತ್ರ ಕಾವ್ಯಕ್ಕೆ ಒಡಲಾಗಿಸಿದ ಕೀರ್ತಿ ಇವರದು. ಮೂರು ಮಾತ್ರೆಯ ಉತ್ಸಾಹ, ನಾಲ್ಕು ಮಾತ್ರೆಯ ಮಂದಾನಿಲ, ಐದು ಮಾತ್ರೆಯ ಲಲಿತ, ಹೀಗೆ ರಗಳೆಯ ಗತಿಗಳು. ಎರಡೆರಡು ಪಾದಗಳು ಪ್ರಾಸದಿಂದ ಜೊತೆಗೂಡಿ ಸಾಗುತ್ತವೆ. ಇಷ್ಟಕ್ಕೇ ಮುಗಿಯಬೇಕೆಂಬ ಕಟ್ಟಿಲ್ಲ. ನಿತ್ಯಪೂಜೆಯ ಲಯವೂ ಹೀಗೆಯೇ ಅಲ್ಲವೇ? ತಮಿಳುನಾಡಿನ ಪುರಾತನರು, ಕಲ್ಯಾಣದ ಶರಣರು, ನಂಬಿಯಣ್ಣ, ಮಹಾದೇವಿಯಕ್ಕ, ಪ್ರಭುದೇವರು ಎಲ್ಲರೂ ಆ ಲಯದಲ್ಲಿ ಬಂದರು. ಕೃತಿಗಳೆಲ್ಲ ಹಂಪೆಯ ವಿರೂಪಾಕ್ಷನ ಅಂಕಿತದಲ್ಲಿಯೇ ಸಮಾಪ್ತವಾಗುತ್ತವೆ.

ಕೆಲವರು ಪಂಡಿತರು ಇವರನ್ನು ರಗಳೆಯ ಕವಿಯೆಂದು ಹಳಿದರೆಂದೂ, ಅದಕ್ಕೆ ಉತ್ತರವಾಗಿಯೇ ಗಿರಿಜಾಕಲ್ಯಾಣದ ಚಂಪುವು ಹುಟ್ಟಿತೆಂದೂ ಹೇಳುವುದುಂಟು. ಅದು ನಿಜವಾದರೆ, ಹೊಗಳಿಕೆ ತೆಗಳಿಕೆಗಳಿಗೆ ಕಿವಿ ಮುಚ್ಚಿಕೊಳ್ಳುವುದು ಅವರಿಗೂ ಸುಲಭವಾಗಿರಲಿಲ್ಲವೆಂದು ತಿಳಿಯಬೇಕು. ಪಂಪಾಶತಕದಲ್ಲಿ ಅವರು ನರಸ್ತುತಿಯನ್ನು ಮಾಡೆನೆಂಬ ವ್ರತವನ್ನು ತೊಟ್ಟರು. ಅರಸರ ಅನ್ನವನ್ನು ಉಂಡು ಅರಸರನ್ನು ಹೊಗಳಿ ಬಾಳುವುದು ಕವಿಗಳ ಕುಲವೃತ್ತಿಯೇ ಆಗಿದ್ದ ಕಾಲದಲ್ಲಿ ಇದು ಚಿಕ್ಕ ವ್ರತವಲ್ಲ. ಕಣ್ಣಿಗೂ ಕೈಗೂ ಹಾಕಿದ ಕಟ್ಟನ್ನು ಅವರು ನಾಲಗೆಗೂ ಹಾಕಿದರು.

ಆದರೆ ಈ ಮೂರನೆಯ ಕಟ್ಟಿನಿಂದಲೇ ಅವರ ಬಾಳಿನ ಅತ್ಯಂತ ಕಠಿನವಾದ ಗಳಿಗೆಯು ಬಂದಿತು. ಸೋದರಳಿಯ ರಾಘವಾಂಕನು ಅವರಲ್ಲಿಯೇ ಶಿಷ್ಯನಾಗಿ ಬೆಳೆದನು. ಪ್ರತಿಭೆಯು ಮಾವನಿಗೆ ಸಮನಾದುದು. ಅವನು ಹರಿಶ್ಚಂದ್ರನ ಸತ್ಯನಿಷ್ಠೆಯನ್ನು ವಸ್ತುವಾಗಿ ಹಿಡಿದು ಷಟ್ಪದಿಯಲ್ಲಿ ಕಾವ್ಯವನ್ನು ಬರೆದು, ರಾಜಸಭೆಯಲ್ಲಿ ಓದಿ ಮನ್ನಣೆಯನ್ನು ಪಡೆದು, ಸಂತೋಷದಿಂದ ಮಾವನ ಬಳಿಗೆ ಬಂದನು. ಶಿವಶರಣರನ್ನು ಬಿಟ್ಟು ಮಾನವನಾದ ಅರಸನೊಬ್ಬನನ್ನು ಹಾಡಿದನೆಂದು ಹರಿಹರದೇವರು ಕನಲಿದರು. ಕಾಲಿನ ಹಾವುಗೆಯನ್ನು ತೆಗೆದುಕೊಂಡು ಅಳಿಯನ ಮುಖಕ್ಕೆ ಹೊಡೆದರು. ಐದು ಹಲ್ಲುಗಳು ಉದುರಿದುವೆಂದು ಕಥೆ.

ಭಕ್ತಿಯ ಆವೇಶವೆಂದು ಹೇಳಿ ಇದನ್ನು ಸಮರ್ಥಿಸುವವರಿದ್ದಾರೆ. ಹಾಗೆ ಸಮರ್ಥಿಸುವುದರಿಂದ ಹರಿಹರದೇವರಿಗೆ ಗೌರವವೇನೂ ಹೆಚ್ಚುವುದಿಲ್ಲ. ಹೂವಿಗೆ ನೋವಾಗದಂತೆ ಬಿಡಿಸುತ್ತಿದ್ದ ಕೈಯೇ ಮಗುವಿನಂತೆ ಸಾಕಿದ ಶಿಷ್ಯನ ಮೇಲೆ ಎದ್ದಿತು. ಅನೇಕ ವರುಷಗಳ ನೇಮವಿದ್ದೂ ಒಂದು ಕ್ಷಣದ ಎಚ್ಚರವು ತಪ್ಪಿತು. ವ್ರತವನ್ನು ಬಿಗಿಯಾಗಿ ಹಿಡಿದವನಿಗೆ ವ್ರತವೇ ಸಿಟ್ಟಿಗೆ ಕಾರಣವಾಗುವ ಅಪಾಯವುಂಟು. ತನ್ನ ನಾಲಗೆಗೆ ಹಾಕಿಕೊಂಡ ಕಟ್ಟನ್ನು ಇನ್ನೊಬ್ಬನ ನಾಲಗೆಗೂ ಬಲಾತ್ಕಾರದಿಂದ ಹಾಕುವ ಆತುರವು ಸಾಧಕರಲ್ಲಿ ಅಪರೂಪವಲ್ಲ. ಷಟ್‌ಸ್ಥಲದಲ್ಲಿ ಅವಧಾನದ ಮೇಲೆ ಇನ್ನೂ ಮೂರು ಮೆಟ್ಟಿಲುಗಳಿರುವುದು ಸುಮ್ಮನೆ ಅಲ್ಲ. ಈ ಪ್ರಸಂಗವನ್ನು ಮರೆಮಾಡದೆ ಉಳಿಸಿಕೊಂಡು ಬಂದ ವೀರಶೈವ ಕಥಾಪರಂಪರೆಯ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ರಾಘವಾಂಕನು ಮಾವನನ್ನು ತೊರೆಯಲಿಲ್ಲ, ಹರಿಶ್ಚಂದ್ರಕಾವ್ಯವನ್ನು ಸುಡಲೂ ಇಲ್ಲ. ಬರೆಯುವುದನ್ನು ಮುಂದುವರಿಸಿದನು. ಒಂದೊಂದು ಶಿವಕಾವ್ಯವು ಮುಗಿದಂತೆಲ್ಲ ಒಂದೊಂದು ಹಲ್ಲು ಮರಳಿ ಬಂದಿತೆಂದು ಹಿರಿಯರು ಹೇಳುತ್ತಾರೆ. ಸಿದ್ಧರಾಮಚಾರಿತ್ರ, ಸೋಮನಾಥಚಾರಿತ್ರ, ವೀರೇಶಚರಿತೆಗಳು ಇಂದಿಗೂ ಉಳಿದಿವೆ. ಯಾವ ಕಾವ್ಯಕ್ಕಾಗಿ ಏಟು ಬಿದ್ದಿತೋ ಆ ಹರಿಶ್ಚಂದ್ರಕಾವ್ಯವನ್ನೇ ಕನ್ನಡನಾಡು ಎಲ್ಲಕ್ಕಿಂತ ಹೆಚ್ಚಾಗಿ ಓದಿತು. ತನ್ನ ಕೃತಿಗಳಲ್ಲಿ ರಾಘವಾಂಕನು ಹಂಪೆಯ ಹರಿಹರದೇವರನ್ನು ಗುರುವೆಂದು ಭಕ್ತಿಯಿಂದಲೇ ನೆನೆಯುತ್ತಾನೆ. ಏಟಿನ ಕಹಿಯು ಎಲ್ಲಿಯೂ ಇಲ್ಲ. ಗುರುವಿನ ನೇಮವು ಶಿಷ್ಯನಲ್ಲಿ ತಾಳ್ಮೆಯಾಗಿ ಫಲಿಸಿತೆನ್ನೋಣವೇ? ಅವನು ಬರೆದ ಕೃತಿಗಳ ಪಟ್ಟಿಯಲ್ಲಿ ಹರಿಹರಮಹತ್ವವೆಂಬ ಹೆಸರೂ ಇದೆ. ಮಾವನನ್ನು ಕುರಿತದ್ದೇ ಅದೆಂದು ಬಲ್ಲವರು ಹೇಳುತ್ತಾರೆ. ಅದರ ಓಲೆಗಳು ಇದುವರೆಗೆ ದೊರೆತಿಲ್ಲ.